ಮನೆಯಲ್ಲೇ ಎಲ್‌ಕೆಜಿ, ಯುಕೆಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳಿಗೆ ನಾಲ್ಕು ತುಂಬಿದಾಗ ಶಾಲೆಗೆ ಹಾಕಲಿಲ್ಲ. ಎರಡು ವರ್ಷ ಮನೆಯಲ್ಲೇ ಕಲಿಸಿದೆ. ಈಗ ಅವಳು ಮೂರನೇ ಕ್ಲಾಸು. ಆಗ ಕೈಗೂಸಾಗಿದ್ದ ತಮ್ಮನಿಗೆ ಈಗ ನಾಲ್ಕೂವರೆ, ಅವನ ಸರದಿ ನಡೆಯುತ್ತಿದೆ. ನಮ್ಮದು ಮೈಸೂರಿನ ಒಂದು ಸಣ್ಣ ಮನೆ. ಅತ್ತೆ ಮಾವ ಜೊತೆಗಿದ್ದಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಅಳತೆ ಕೊಡಲು ಬರುವವರು, ಮದುವೆ ಮನೆಯಲ್ಲಿ ಸಿಗುವ ನೆಂಟರು, ಊರಿಂದ ಫೋನ್ ಮಾಡುವ ಗೆಳತಿಯರು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಅವರು ಕೇಳಿದ ಮಾತಲ್ಲೇ ಬರೆದಿದ್ದೇನೆ.

## ಶುರು ಮಾಡುವ ಮುಂಚೆ

ಎಲ್‌ಕೆಜಿಗೆ ಕಳಿಸದೆ ಮನೇಲೇ ಇಟ್ಕೊಂಡ್ರೆ ಕಾನೂನು ಪ್ರಕಾರ ತಪ್ಪಾಗಲ್ವಾ?

ಆಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ನಾವೆಲ್ಲ ಆರ್‌ಟಿಇ ಅನ್ನುವುದು, 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಎಲ್‌ಕೆಜಿ, ಯುಕೆಜಿ ಕಡ್ಡಾಯ ಅಂತ ಅದರಲ್ಲಿ ಎಲ್ಲೂ ಇಲ್ಲ.

6 ತುಂಬಿದ ಮೇಲೆ ಮಾತು ಬೇರೆ. ಮಗುವನ್ನು ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಎಂದು ಅದೇ ಕಾಯ್ದೆಯ 10ನೇ ಸೆಕ್ಷನ್ ಹೇಳುತ್ತದೆ. ಮನೆಯಲ್ಲೇ ಓದಿಸುವುದರ ಬಗ್ಗೆ ಕಾಯ್ದೆ ಬಾಯಿ ಬಿಡುವುದಿಲ್ಲ. ಮುಂದೆಯೂ ಮನೆಯಲ್ಲೇ ಓದಿಸುವವರು ಸಾಮಾನ್ಯವಾಗಿ ಎನ್‌ಐಒಎಸ್ ಎಂಬ ಕೇಂದ್ರದ ಮುಕ್ತ ಶಾಲೆಯ ಮೊರೆ ಹೋಗುತ್ತಾರೆ. ಅಲ್ಲಿ 3, 5 ಮತ್ತು 8ನೇ ತರಗತಿಗೆ ಸಮನಾದ ಹಂತಗಳಿವೆ. 14 ತುಂಬಿದವರು ಹತ್ತನೇ ತರಗತಿಗೆ ಕಟ್ಟಬಹುದು. ನಾನು ಆ ದಾರಿ ಹಿಡಿದವಳಲ್ಲ. ನಾನು ಬರೆಯುತ್ತಿರುವುದು ಒಂದನೇ ಕ್ಲಾಸಿನ ಬಾಗಿಲವರೆಗಿನ ವಿಷಯ ಮಾತ್ರ.

ನಾನು ಓದಿರೋದು ಬರೀ ಪಿಯುಸಿ. ನನ್ ಕೈಲಿ ಆಗುತ್ತಾ?

ಖಂಡಿತ ಆಗುತ್ತದೆ. ನಾಲ್ಕು ವರ್ಷದ ಮಗುವಿಗೆ ಕಲಿಸಲು ಬೇಕಾದ ವಿದ್ಯೆ ನಿಮ್ಮಲ್ಲಿ ಬೇಕಾದಷ್ಟಿದೆ. ಬೇಕಿರುವುದು ಬೇರೆ ಎರಡು. ಮಗು ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಹತ್ತನೇ ಸಲ ಸಮಾಧಾನವಾಗಿ ಉತ್ತರ ಕೊಡುವುದು. ಗೊತ್ತಿಲ್ಲದ್ದನ್ನು "ಗೊತ್ತಿಲ್ಲ ಕಣೋ, ತಾತನ್ನ ಕೇಳೋಣ ಬಾ" ಅನ್ನುವುದು. ಎರಡನೆಯದು ಮಗುವಿಗೆ ತುಂಬ ದೊಡ್ಡ ಪಾಠ ಅಂತ ನನ್ನ ನಂಬಿಕೆ.

ಎಷ್ಟು ಖರ್ಚಾಗುತ್ತೆ? ಯಾವ ಕಿಟ್ ತಗೊಂಡ್ರೆ ಒಳ್ಳೇದು?

ಕಿಟ್ ಬೇಡ. ಒಂದು ಸ್ಲೇಟು, ಬಳಪ, ದಪ್ಪ ಕ್ರೇಯಾನು, ಅಂಟು, ತುದಿ ಮೊಂಡಾದ ಕತ್ತರಿ, ಹಳೇ ಪೇಪರು. ಒಂದು ತಟ್ಟೆಯಲ್ಲಿ ರಾಗಿ. ಹಿಂದೆ ಕೂಲಿ ಮಠಗಳಲ್ಲಿ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ವಿಜಯದಶಮಿಯ ಅಕ್ಷರಾಭ್ಯಾಸದಲ್ಲಿ ಇವತ್ತಿಗೂ ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸುತ್ತೇವೆ. ತಟ್ಟೆಯ ರಾಗಿಯೂ ಅದೇ ಕೆಲಸ ಮಾಡುತ್ತದೆ. ತಪ್ಪಾದರೆ ತಟ್ಟೆ ಅಲ್ಲಾಡಿಸಿದರೆ ಸಾಕು, ರಬ್ಬರ್ ಬೇಕಿಲ್ಲ.

ಪುಸ್ತಕಕ್ಕೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಹಾಗಂತ ಎಲ್ಲವನ್ನೂ ಕೊಳ್ಳಬೇಕಿಲ್ಲ. ಪಟ್ಟಣಗಳ ಕೇಂದ್ರ ಗ್ರಂಥಾಲಯಗಳಲ್ಲಿ ಮಕ್ಕಳ ಪುಸ್ತಕ ಸಿಗುತ್ತವೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರಕ್ಕೆ ಹೋಗಿ ನೋಡಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಬಿಟ್ಟಿ ಸಿಗುತ್ತವೆ. ಬೇಕಾದ್ದನ್ನು ಪ್ರಿಂಟ್ ಹಾಕಿಸಿ ದಾರದಲ್ಲಿ ಹೊಲಿದು ಇಟ್ಟಿದ್ದೇನೆ.

"ಪಕ್ಕದ ಮನೆ ಮಗು ಟೈ ಕಟ್ಕೊಂಡು ವ್ಯಾನಲ್ಲಿ ಹೋಗುತ್ತೆ, ನಮ್ಮದು ಮನೇಲಿ ಬಿದ್ದಿದೆ" ಅಂತ ಅತ್ತೆ ಮಾವ ಬೇಜಾರು ಮಾಡ್ಕೋತಾರೆ. ಹೇಗೆ ಒಪ್ಪಿಸೋದು?

ವಾದ ಮಾಡಿ ಒಪ್ಪಿಸಲು ಹೋಗಬೇಡಿ. ಅವರ ಆತಂಕ ಸುಳ್ಳಲ್ಲ. ಮೊಮ್ಮಗು ಹಿಂದೆ ಬಿದ್ದರೆ ಅನ್ನುವ ಭಯ ಅದು. ಅವರಿಗೂ ಒಂದು ಕೆಲಸ ಒಪ್ಪಿಸಿ.

ನಮ್ಮ ಮಾವ ಹೂವು ತರಲು ದೇವರಾಜ ಮಾರುಕಟ್ಟೆಗೆ ಹೋಗುವಾಗ ಮಗಳನ್ನೂ ಜೊತೆಗೆ ಕಳಿಸತೊಡಗಿದೆ. ಹೂವಿನವರು ಮೊಳ ಹಾಕುವುದನ್ನು ಅವಳು ನೋಡಿಕೊಂಡು ಬಂದಳು. ಮನೆಗೆ ಬಂದು ಅದೇ ಮಲ್ಲಿಗೆ ದಂಡೆಯನ್ನು ತನ್ನ ಕೈಯಲ್ಲಿ ಅಳೆದರೆ ಎರಡು ಮೊಳದ ಹೂವು ಮೂರು ಮೊಳದ ಮೇಲೆ ಬಂತು! "ತಾತ, ನಮಗೆ ಜಾಸ್ತಿ ಕೊಟ್ಟಿದ್ದಾರೆ" ಅಂದಳು. ಮಾವ ಅವಳ ಮೊಣಕೈ ಪಕ್ಕ ತಮ್ಮ ಮೊಣಕೈ ಇಟ್ಟು ತೋರಿಸಿದರು. ಅಳತೆ ಯಾಕೆ ಬದಲಾಯಿತು ಅಂತ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಆ ದಿನದಿಂದ ಮಾವ ಟೈ ವಿಷಯ ತೆಗೆದಿಲ್ಲ. ಅತ್ತೆ ಒಪ್ಪಲು ಇನ್ನೂ ಒಂದು ವರ್ಷ ಹಿಡಿಯಿತು, ಅದನ್ನೂ ಹೇಳಿಬಿಡುತ್ತೇನೆ.

## ದಿನ ಹೇಗೆ ನಡೆಯುತ್ತದೆ

ದಿನಕ್ಕೆ ಎಷ್ಟು ಗಂಟೆ ಕೂರಿಸಬೇಕು? ನಿಮ್ಮ ಟೈಮ್‌ಟೇಬಲ್ ಕೊಡ್ತೀರಾ?

ನಾಲ್ಕು ವರ್ಷದ ಮಗುವಿಗೆ ಕೂತು ಕಲಿಯುವುದು ದಿನಕ್ಕೆ 20 ನಿಮಿಷ, ಐದರ ನಂತರ 40 ನಿಮಿಷ. ಅದೂ ಒಂದೇ ಸಲ ಅಲ್ಲ, ಎರಡು ಮೂರು ಕಂತಿನಲ್ಲಿ. ಇದು ನಮ್ಮ ಮನೆಯಲ್ಲಿ ನಡೆದ ಲೆಕ್ಕ.

ಮೊದಲ ಜೂನ್ ತಿಂಗಳಲ್ಲಿ ನಾನು ಹಾಗೆ ಮಾಡಲಿಲ್ಲ. ಸಣ್ಣ ಡೆಸ್ಕ್ ತಂದೆ, ಗೋಡೆಗೆ ಚಾರ್ಟ್ ಹಚ್ಚಿದೆ, ಒಂಬತ್ತೂವರೆಯಿಂದ ಹನ್ನೆರಡೂವರೆ ಅಂತ ಪೀರಿಯಡ್ ಮಾಡಿದೆ. ಮೂರನೇ ವಾರ ಸ್ಲೇಟು ಕಾಣಲಿಲ್ಲ. ಮಂಚದ ಕೆಳಗೆ, ಅಕ್ಕಿ ಮೂಟೆಯ ಹಿಂದೆ ಸಿಕ್ಕಿತು. ಮಗಳೇ ಬಚ್ಚಿಟ್ಟಿದ್ದಳು. ಅಷ್ಟು ಚಿಕ್ಕ ಮಗು ಸ್ಲೇಟನ್ನು ಕಂಡು ಹೆದರುವ ಹಾಗೆ ಮಾಡಿದೆನಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಡೆಸ್ಕನ್ನು ಹೊಲಿಗೆ ಮೆಷಿನ್ ಪಕ್ಕ ಬಟ್ಟೆ ಇಡಲು ಹಾಕಿಕೊಂಡೆ.

ಈಗ ಟೈಮ್‌ಟೇಬಲ್ ಇಲ್ಲ, ಕ್ರಮ ಇದೆ. ತಿಂಡಿ ಆದ ಮೇಲೆ ಅಕ್ಷರ. ಅಡುಗೆ ಹೊತ್ತಲ್ಲಿ ಲೆಕ್ಕ. ಊಟ, ನಿದ್ದೆ. ಸಂಜೆ ಹೊರಗೆ ಆಟ. ಮಲಗುವ ಮುಂಚೆ ಕಥೆ. ಗಂಟೆ ಹಿಂದೆ ಮುಂದೆ ಆದರೂ ಪರವಾಗಿಲ್ಲ, ಯಾವುದರ ನಂತರ ಯಾವುದು ಅನ್ನುವುದು ಬದಲಾಗಬಾರದು. "ತಿಂಡಿ ಆಯ್ತಲ್ಲ, ರಾಗಿ ತಟ್ಟೆ ಎಲ್ಲಿ" ಅಂತ ಮಗನೇ ಕೇಳುತ್ತಾನೆ.

ಅಡುಗೆ, ಪಾತ್ರೆ, ಬಟ್ಟೆ, ಜೊತೆಗೆ ಕೈಗೂಸು ಬೇರೆ. ಇದರ ಮಧ್ಯೆ ಪಾಠ ಮಾಡಕ್ಕೆ ಟೈಮ್ ಎಲ್ಲಿದೆ?

ಆ ಕೆಲಸಗಳನ್ನು ಮುಗಿಸಿ ಪಾಠ ಶುರು ಮಾಡೋಣ ಅಂದರೆ ಟೈಮ್ ಸಿಗುವುದೇ ಇಲ್ಲ. ಆ ಕೆಲಸಗಳಲ್ಲೇ ಮಗುವಿಗೆ ಪಾಲು ಕೊಡಿ. ಒಣಗಿದ ಬಟ್ಟೆಯಲ್ಲಿ ಅಪ್ಪನದು, ತಾತನದು, ಪಾಪುವಿನದು ಅಂತ ಬೇರೆ ಮಾಡುವುದು ವಿಂಗಡಣೆ. ಕಾಲುಚೀಲದ ಜೋಡಿ ಹುಡುಕುವುದು ಹೋಲಿಕೆ. ಊಟಕ್ಕೆ ಎಷ್ಟು ಜನ, ಎಷ್ಟು ತಟ್ಟೆ, ಇವತ್ತು ಅತ್ತೆಯದು ಒಪ್ಪತ್ತು, ಹಾಗಾದರೆ ಒಂದು ಕಡಿಮೆ. ಇದು ಕಳೆಯುವ ಲೆಕ್ಕ ಅಲ್ವಾ?

ಒಂದು ಮಾತು ನೆನಪಿಡಿ. ಮಗು ಸೇರಿಕೊಂಡರೆ ಕೆಲಸ ಬೇಗ ಆಗುವುದಿಲ್ಲ, ನಿಧಾನ ಆಗುತ್ತದೆ. ಹಾಗಾಗಿ ಎಲ್ಲ ಕೆಲಸಕ್ಕೂ ಕರೆಯಬೇಡಿ. ದಿನಕ್ಕೆ ಎರಡು ಕೆಲಸ ಆರಿಸಿಕೊಳ್ಳಿ. ಕೂಸಿಗೆ ಹಾಲು ಕುಡಿಸುವ ಹೊತ್ತು ಕಥೆಯ ಹೊತ್ತು. ದೊಡ್ಡವಳು ಪಕ್ಕದಲ್ಲಿ ಕೂತು ಪುಟ ತಿರುಗಿಸಲಿ.

ನಾವಿಬ್ಬರೂ ಕೆಲಸಕ್ಕೆ ಹೋಗ್ತೀವಿ. ನಮಗೆ ಇದು ಸಾಧ್ಯಾನಾ?

ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ನಂಬಿಕಸ್ತ ಹಿರಿಯರಿದ್ದರೆ ಸಾಧ್ಯ. ಸಂಜೆ ಅರ್ಧ ಗಂಟೆ, ಭಾನುವಾರ ಸ್ವಲ್ಪ ಜಾಸ್ತಿ ಸಾಕಾಗುತ್ತದೆ. ಯಾರೂ ಇಲ್ಲದಿದ್ದರೆ ಒಳ್ಳೆಯ ಶಿಶುವಿಹಾರವೇ ಸರಿ. ಮಗುವಿನ ಮುಂದೆ ಟಿವಿ ಹಾಕಿ ಲ್ಯಾಪ್‌ಟಾಪ್ ಮುಂದೆ ಕೂರುವುದಕ್ಕೆ ಮನೆಶಾಲೆ ಅಂತ ಹೆಸರಿಡಬಾರದು.

ಮೊಬೈಲಲ್ಲಿ ರೈಮ್ಸ್, ಎಬಿಸಿಡಿ ವಿಡಿಯೊ ತೋರಿಸಬಹುದಾ?

2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. 3-4 ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ, ಆಟ ಬೇಕು, ಹಗಲು ರಾತ್ರಿ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು ಅಂತಲೂ ಅದರಲ್ಲಿದೆ. ಆಟ, ನಿದ್ದೆ ಎರಡನ್ನೂ ಮೊದಲು ಲೆಕ್ಕ ಹಾಕಿ. ಆಮೇಲೆ ಮೊಬೈಲಿಗೆ ಉಳಿಯುವ ಹೊತ್ತು ಎಷ್ಟು ಅಂತ ನಿಮಗೇ ಗೊತ್ತಾಗುತ್ತದೆ.

## ಅಕ್ಷರ ಮತ್ತು ಅಂಕಿ

ಅ ಆ ಇ ಈ ಇಂದಲೇ ಶುರು ಮಾಡಬೇಕಾ?

ಬೇಕಿಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲೇ ಹಾಗೆ ಶುರು ಮಾಡುವುದಿಲ್ಲ. ನಲಿಕಲಿ ನಮ್ಮ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಮೊಳೆತು ಇಡೀ ರಾಜ್ಯಕ್ಕೆ ಹಬ್ಬಿದ ಪದ್ಧತಿ. ಅದರಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ. ಐದೇ ಅಕ್ಷರ. ಅಷ್ಟರಲ್ಲೇ ಸರ, ದರ, ಅರಸ, ಅಗಸ, ಗರಗಸ ಓದಬಹುದು. ಆಮೇಲೆ ಜ, ವ, ಮ, ಬ, ನ. ಈಗ ಮರ, ಜನ, ಮಗ, ವನ, ಬಸವ ಎಲ್ಲ ಬಂದವು.

ಅ ಆ ಇ ಈ ಅಂತ ಸಾಲಾಗಿ ಹೋದರೆ ಹದಿಮೂರು ಸ್ವರ ಮುಗಿಸಿದರೂ ಮಗು ಹೇಳಿಕೊಳ್ಳುವಂಥ ಒಂದು ಪದ ಓದಿರುವುದಿಲ್ಲ. ಹಾಡಿನ ಹಾಗೆ ಒಪ್ಪಿಸುತ್ತದೆ, ಅಷ್ಟೇ. ನಡುವಿನ ಒಂದು ಅಕ್ಷರ ತೋರಿಸಿ ಇದೇನು ಅಂದರೆ ಮತ್ತೆ ಮೊದಲಿಂದ ಹಾಡಿಕೊಂಡು ಬರಬೇಕು.

ನಮ್ಮ ಮಗಳು ಐದು ಅಕ್ಷರ ಕಲಿತ ವಾರ ದೇವರ ಮನೆಯಲ್ಲಿ ಊದುಬತ್ತಿ ಪ್ಯಾಕೆಟ್ ಹಿಡಿದು ನಿಂತಿದ್ದಳು. ಬೆರಳಿಟ್ಟು "ಅ... ಗ... ರ..." ಅಂದಳು. ಮುಂದಿನ ಅಕ್ಷರ ಗೊತ್ತಿಲ್ಲ, ನಿಂತಳು. ಪ್ಯಾಕೆಟ್ ಮೂಸಿ ನೋಡಿದಳು. "ಅಗರಬತ್ತಿ!" ಅಂತ ಕೂಗಿದಳು. ಯಾರೂ ಹೇಳಿಕೊಡದೆ ಅವಳು ಓದಿದ ಮೊದಲ ಪದ ಅದು. ಅರ್ಧ ಅಕ್ಷರದಿಂದ, ಅರ್ಧ ವಾಸನೆಯಿಂದ ಓದಿದಳು. ಓದುವುದು ಅಂದರೆ ಅದೇ ತಾನೆ?

ಕಾಗುಣಿತವನ್ನು ಒಟ್ಟಿಗೆ ಸುರಿಯಬೇಡಿ. ಒಂದು ದೀರ್ಘ ಮಾತ್ರ ತೆಗೆದುಕೊಂಡು ದಾರ, ಸಾರ, ಮಾವ, ನಾಗ ಅಂತ ಎರಡು ವಾರ ಆಡಿ. ಒತ್ತಕ್ಷರ ಒಂದನೇ ಕ್ಲಾಸಿಗೆ ಬಿಟ್ಟುಬಿಡಿ. ಅಕ್ಕ, ಅಮ್ಮ, ಅಪ್ಪ ಮಾತ್ರ ಮಗುವೇ ಕೇಳುತ್ತದೆ, ಆಗ ಚಿತ್ರದ ಹಾಗೆ ಬರೆದು ಕೊಡಿ.

ಐದು ವರ್ಷ ಆಯ್ತು, ಪೆನ್ಸಿಲ್ ಹಿಡಿಯಕ್ಕೇ ಬರಲ್ಲ. ಕಾಪಿ ಬರೆಸಲಾ?

ಬೇಡ. ಬೆರಳಿಗೆ ಬಲ ಬರದೆ ಕಾಪಿ ಬರೆಸಿದರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಒತ್ತುತ್ತದೆ. ಆಮೇಲೆ ಆ ಹಿಡಿತ ಬಿಡಿಸುವುದು ಕಷ್ಟ.

ನಮ್ಮ ಕಡೆ ಚಳಿಗಾಲದಲ್ಲಿ ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರಿಗೆ ನೆನೆಸಿದ ಕಾಳನ್ನು ಒಂದೊಂದಾಗಿ ಹಿತಕಬೇಕು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಬೇಕು. ಮೆತ್ತಗೆ ಒತ್ತಿದರೆ ಸಿಪ್ಪೆ ಬಿಡುವುದಿಲ್ಲ. ಜೋರಾಗಿ ಒತ್ತಿದರೆ ಬೇಳೆ ಚಿಮ್ಮಿ ಗೋಡೆಗೆ ಬಡಿಯುತ್ತದೆ. ಮಗ ಮೊದಲ ದಿನ ಅರ್ಧ ಬೇಳೆ ಗೋಡೆಗೆ ಹೊಡೆದ. ನಾಲ್ಕನೇ ದಿನ ಪ್ರತಿ ಬೇಳೆಯೂ ಬಟ್ಟಲಲ್ಲೇ ಬಿತ್ತು. ಎಷ್ಟು ಒತ್ತಬೇಕು ಅನ್ನುವ ಆ ಹದವೇ ಪೆನ್ಸಿಲಿಗೂ ಬೇಕಾದದ್ದು.

ರಂಗೋಲಿ ಇನ್ನೂ ಒಳ್ಳೆಯದು. ಪುಡಿಯನ್ನು ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಹಿಡಿದು ಬಿಡುವ ರೀತಿಯೇ ಪೆನ್ಸಿಲ್ ಹಿಡಿಯುವ ರೀತಿ. ಗಂಡು ಮಕ್ಕಳಿಗೂ ಹಾಕಿಸಿ. ಸ್ಲೇಟಿನ ಮೇಲೆ ನಿಂತ ಗೆರೆ, ಮಲಗಿದ ಗೆರೆ, ಸೊನ್ನೆ, ಅರ್ಧ ಸೊನ್ನೆ ಚೆನ್ನಾಗಿ ಬಂದ ಮೇಲೆ ಅಕ್ಷರ.

ಅವಸರ ಯಾಕೆ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಹಂತ ಅಂತ ನೋಡುತ್ತದೆ, ಅಂದರೆ ಎರಡನೇ ಕ್ಲಾಸು ಮುಗಿಯುವವರೆಗೆ. ನೀತಿಯ ಬೇರೆ ವಿಷಯಗಳಲ್ಲಿ ಯಾರಿಗೆ ಏನೇ ಅಭಿಪ್ರಾಯ ಇರಲಿ, ಇದು ಮಕ್ಕಳನ್ನು ಹತ್ತಿರದಿಂದ ನೋಡಿದವರ ಮಾತು.

ಕನ್ನಡ ಮೊದಲಾ, ಇಂಗ್ಲಿಷ್ ಮೊದಲಾ? ಮುಂದೆ ಇಂಗ್ಲಿಷ್ ಮೀಡಿಯಂಗೇ ಹಾಕೋದು.

ಮನೆಯಲ್ಲಿ ಆಡುವ ಭಾಷೆಯಲ್ಲೇ ಮೊದಲು ಓದಲಿ. ಕನ್ನಡದಲ್ಲಿ ಅಕ್ಷರ ನೋಡಿದ ಹಾಗೇ ಉಚ್ಚಾರ, "ಇಲ್ಲಿ ಹೀಗೆ, ಅಲ್ಲಿ ಹಾಗೆ" ಅನ್ನುವುದು ಕಡಿಮೆ. ಓದು ಅಂದರೇನು ಅಂತ ಮಗುವಿಗೆ ಬೇಗ ಹೊಳೆಯುತ್ತದೆ. ಇಂಗ್ಲಿಷನ್ನು ಈ ವಯಸ್ಸಿನಲ್ಲಿ ಕಿವಿಯಿಂದ ಕೊಡಿ: ಕಥೆ, ಹಾಡು, ಮನೆಯ ಸಾಮಾನಿನ ಹೆಸರು. ನಮ್ಮ ಮಗಳು ಕನ್ನಡ ಓದಲು ಕಲಿತ ಆರು ತಿಂಗಳ ಮೇಲೆ ಇಂಗ್ಲಿಷ್ ಅಕ್ಷರ ಹಿಡಿದಳು, ಒದ್ದಾಡಲಿಲ್ಲ.

ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು ಆಡುವವರು ಆ ಮಾತಲ್ಲೇ ಕಥೆ ಹೇಳಿ. ಅದನ್ನು ಬಿಟ್ಟು ಹರಕು ಇಂಗ್ಲಿಷಿನಲ್ಲಿ ಮಗುವಿನ ಜೊತೆ ಮಾತಾಡುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ನೂರರವರೆಗೆ ಪಟಪಟ ಹೇಳ್ತಾಳೆ. ಐದು ಲೋಟ ತಗೊಂಡು ಬಾ ಅಂದ್ರೆ ತಡವರಿಸ್ತಾಳೆ. ಯಾಕೆ?

ಹೇಳುವುದು ಬಾಯಿಪಾಠ, ಎಣಿಸುವುದು ಬೇರೆ ವಿದ್ಯೆ. ಒಂದು ವಸ್ತುವಿಗೆ ಒಂದೇ ಸಂಖ್ಯೆ, ಕೊನೆಗೆ ಹೇಳಿದ್ದೇ ಒಟ್ಟು ಅಂತ ಮಗುವಿಗೆ ಮನದಟ್ಟಾಗಬೇಕು. ಅದು ಕೈಯಿಂದಲೇ ಬರಬೇಕು.

ಬ್ಲೌಸ್ ಒಂದಕ್ಕೆ ನಾನು ಆರು ಹುಕ್ಸ್ ಹಾಕುತ್ತೇನೆ. ಸಂಜೆ ಬಟ್ಟಲುಗಳನ್ನು ಸಾಲಾಗಿಟ್ಟು ಒಂದೊಂದಕ್ಕೆ ಆರು ಹಾಕುವುದು ಮಗಳ ಕೆಲಸವಾಗಿತ್ತು. ಮೊದಲು ಒಂದೊಂದೇ ಎಣಿಸಿ ಹಾಕುತ್ತಿದ್ದಳು. ಒಂದು ದಿನ ಬಟ್ಟಲಿಗೆ ಇಣುಕಿ "ಅಮ್ಮ, ಇದರಲ್ಲಿ ಐದೇ ಇದೆ" ಅಂದಳು. ಎಣಿಸಿರಲಿಲ್ಲ, ನೋಡಿಯೇ ಹೇಳಿದಳು. ಹತ್ತರೊಳಗೆ ಈ ಸಲಿಗೆ ಬಂದ ಮಗುವಿಗೆ ಕೂಡುವುದು ಕಳೆಯುವುದನ್ನು ಬೇರೆ ಕಲಿಸಬೇಕಾಗಿಲ್ಲ.

ಹುಣಸೆಬೀಜ, ಕವಡೆ ಹೊರಗೆ ತೆಗೆಯಿರಿ. ಅಳಗುಳಿ ಮಣೆಯಲ್ಲಿ ಗುಳಿಗೊಂದು ಬೀಜ ಬಿಡುತ್ತಾ ಹೋಗುವುದು, ಚೌಕಾಬಾರದಲ್ಲಿ ಬಿದ್ದ ಕವಡೆ ನೋಡಿ ಕಾಯಿ ನಡೆಸುವುದು, ಎರಡೂ ಎಣಿಕೆಯೇ. ಅಜ್ಜಿಯರಿಗೂ ಇಷ್ಟ.

## ಒಂದು ವರ್ಷ ಕಳೆದ ಮೇಲೆ ಬರುವ ಪ್ರಶ್ನೆಗಳು

ಬೇರೆ ಮಕ್ಕಳ ಜೊತೆ ಬೆರೆಯದೆ ಮೂಗನ ಥರ ಆಗಿಬಿಟ್ರೆ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದಿನಾ ಒಂದು ಗಂಟೆಯಾದರೂ ಬೇರೆ ಮಕ್ಕಳ ಜೊತೆ ಆಟ ಬೇಕೇ ಬೇಕು. ಪಾರ್ಕು, ಬೀದಿ, ದೇವಸ್ಥಾನದ ಜಗಲಿ ಎಲ್ಲಾದರೂ ಸರಿ. ಜಗಳ ಆಡಲಿ, ನೀವು ತಕ್ಷಣ ನಡುವೆ ಹೋಗಬೇಡಿ.

ನಿಮ್ಮ ಬೀದಿಯ ಅಂಗನವಾಡಿಯನ್ನು ಮರೆಯಬೇಡಿ. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ಟಿ. ನರಸೀಪುರಕ್ಕೆ. ಹತ್ತಿರದ ಅಂಗನವಾಡಿಯಲ್ಲಿ ಮಗುವಿನ ಹೆಸರು ಬರೆಸಿ, ಬೆಳಿಗ್ಗೆ ಎರಡು ಗಂಟೆ ಕಳಿಸಿ. ಹಾಗೆ ಮಾಡಿದರೆ ಮನೆಶಾಲೆ ಆಗುತ್ತಾ ಅಂತ ಒಬ್ಬರು ಕೇಳಿದರು. ಹೆಸರು ಏನಾದರೆ ಏನು, ಮಗುವಿಗೆ ಜೊತೆ ಸಿಕ್ಕಿತಲ್ಲ.

ಶಾಲೆ ಇಲ್ಲ, ಟೀಚರ್ ಇಲ್ಲ. ಮಗುಗೆ ಏನಾದ್ರೂ ತೊಂದರೆ ಇದ್ರೆ ನಮಗೆ ಹೇಗೆ ಗೊತ್ತಾಗುತ್ತೆ?

ತುಂಬ ಮುಖ್ಯವಾದ ಪ್ರಶ್ನೆ, ತುಂಬ ಕಡಿಮೆ ಜನ ಕೇಳುತ್ತಾರೆ. ಮನೆಯವರಿಗೆ ಮಗುವಿನ ಮಾತು ಅಭ್ಯಾಸ ಆಗಿರುತ್ತದೆ. ನಾಲ್ಕು ವರ್ಷಕ್ಕೆ ಹೊರಗಿನವರಿಗೂ ಬಹುಪಾಲು ಅರ್ಥವಾಗಬೇಕು. ಆಗದಿದ್ದರೆ, ಅಥವಾ ಕರೆದಾಗ ತಿರುಗದಿದ್ದರೆ ತಡ ಮಾಡಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ದೂರದೂರದ ಊರಿಂದ ಅಲ್ಲಿಗೆ ಬರುತ್ತಾರೆ. ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ನೋಡಿದರೆ ಕಣ್ಣು ಪರೀಕ್ಷೆ ಮಾಡಿಸಿ.

ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆಯ ತಂಡ ಹೋಗುವುದು ಅಂಗನವಾಡಿಗೆ, ಸರ್ಕಾರಿ ಶಾಲೆಗೆ. ಎರಡರಲ್ಲೂ ಇಲ್ಲದ ಮಗು ತಪ್ಪಿಹೋಗುತ್ತದೆ. ಹೆಸರು ಬರೆಸಿ ಅಂದದ್ದಕ್ಕೆ ಇದೂ ಕಾರಣ. 5-6 ವರ್ಷಕ್ಕೆ ಡಿಪಿಟಿ ಬೂಸ್ಟರ್ ಲಸಿಕೆ ಇದೆ. ನೆನಪಿಸಲು ಶಾಲೆ ಇರುವುದಿಲ್ಲ, ಕ್ಯಾಲೆಂಡರಿನಲ್ಲಿ ನೀವೇ ಬರೆದಿಡಿ.

ಯುಕೆಜಿ ಸರ್ಟಿಫಿಕೇಟ್ ಇಲ್ದೆ ಒಂದನೇ ಕ್ಲಾಸಿಗೆ ಸೇರಿಸ್ಕೋತಾರಾ?

ಸೇರಿಸಿಕೊಳ್ಳಬೇಕು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು ಎಂದು ಆರ್‌ಟಿಇ 4ನೇ ಸೆಕ್ಷನ್ ಹೇಳುತ್ತದೆ. ಮಗುವಿಗಾಗಲಿ ತಂದೆ ತಾಯಿಗಾಗಲಿ ಪರೀಕ್ಷೆ, ಇಂಟರ್‌ವ್ಯೂ ಮಾಡಬಾರದು ಎಂದು 13ನೇ ಸೆಕ್ಷನ್ ಹೇಳುತ್ತದೆ. ಮೊದಲ ಸಲ ಮಾಡಿದರೆ 25,000 ರೂಪಾಯಿವರೆಗೆ ದಂಡ ಇದೆ. ಆದರೂ ನಾವು ಹೋದ ಮೊದಲ ಶಾಲೆಯಲ್ಲಿ ಯುಕೆಜಿ ಮಾರ್ಕ್ಸ್ ಕಾರ್ಡ್ ಕೇಳಿದರು, ಇಲ್ಲ ಅಂದಾಗ ಮುಖ ಗಂಟಿಕ್ಕಿದರು. ಜಗಳಕ್ಕೆ ಶಕ್ತಿ ಇರಲಿಲ್ಲ, ಬಂದುಬಿಟ್ಟೆವು. ಎರಡನೇ ಶಾಲೆಯಲ್ಲಿ ಹೆಡ್ ಮೇಡಂ ಜನನ ಪ್ರಮಾಣಪತ್ರ ನೋಡಿ, ಮಗಳ ಕೈಗೆ ಒಂದು ಕಥೆ ಪುಸ್ತಕ ಕೊಟ್ಟು, ಅರ್ಜಿ ಮುಂದಿಟ್ಟರು.

ವಯಸ್ಸಿನ ವಿಷಯ ಸರಿಯಾಗಿ ನೋಡಿಕೊಳ್ಳಿ. ಕರ್ನಾಟಕದಲ್ಲಿ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವುದು ನಿಯಮ. 2025-26ರಲ್ಲಿ 5 ವರ್ಷ 5 ತಿಂಗಳಿಗೆ ಇಳಿಸಿದ್ದರು, ಆದರೆ ಆ ಸಡಿಲಿಕೆ ಯುಕೆಜಿ ಮುಗಿಸಿದ ಮಕ್ಕಳಿಗೆ. ಮನೆಯಲ್ಲಿ ಕಲಿತ ಮಗುವಿಗೆ 6 ತುಂಬಲಿ ಅಂತಲೇ ಲೆಕ್ಕ ಹಾಕಿ. ಸೇರಿಸುವ ವರ್ಷದ ಆದೇಶವನ್ನು ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ. 5 ತುಂಬಿದ ಮೇಲೆ ಆಧಾರ್‌ನಲ್ಲಿ ಬೆರಳಚ್ಚು ಅಪ್‌ಡೇಟ್ ಮಾಡಿಸಬೇಕು, ಅದನ್ನು ಮೊದಲೇ ಮುಗಿಸಿ.

ನಾವು ಹೊರದೇಶದಲ್ಲಿದ್ದೀವಿ. ಇಲ್ಲೂ ಹೀಗೇ ಮಾಡಬಹುದಾ?

ದೇಶ ನೋಡಿ ಹೇಳಬೇಕು. ಜರ್ಮನಿಯಲ್ಲಿ ಶಾಲೆಯ ವಯಸ್ಸಿಗೆ ಬಂದ ಮಗುವನ್ನು ಮನೆಯಲ್ಲಿ ಓದಿಸಲು ಬಿಡುವುದಿಲ್ಲ. ಬ್ರಿಟನ್ನಿನಲ್ಲಿ ಅವಕಾಶ ಇದೆ. ಅಮೆರಿಕದಲ್ಲಿ ಎಲ್ಲ ರಾಜ್ಯಗಳಲ್ಲೂ ಅವಕಾಶ ಇದೆ, ಆದರೆ ನಿಯಮ ಒಂದೊಂದು ಕಡೆ ಒಂದೊಂದು ಥರ. ಮಗು ಶಾಲೆಗೆ ಹೋದರೂ ರ, ಗ, ಸ, ದ, ಅ ಮಾತ್ರ ಮನೆಯಲ್ಲೇ ಕಲಿಸಿ. ಕನ್ನಡ ಓದಲು ಕಲಿಸುವವರು ಅಲ್ಲಿ ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ?

ನಿಜ ಹೇಳಿ, ಶಾಲೆಗೆ ಸೇರಿದ ಮೇಲೆ ಮಗಳಿಗೆ ಕಷ್ಟ ಆಗ್ಲಿಲ್ವಾ?

ಆಯಿತು. ಓದಿನಲ್ಲಿ ಅಲ್ಲ. ಬೆಲ್ ಹೊಡೆದ ತಕ್ಷಣ ಕೈಯಲ್ಲಿರುವುದನ್ನು ಬಿಡುವುದು ಅವಳಿಗೆ ಗೊತ್ತಿರಲಿಲ್ಲ. ಟಾಯ್ಲೆಟ್‌ಗೆ ಹೋಗಲು ಕೇಳಬೇಕು ಅನ್ನುವುದು ಗೊತ್ತಿರಲಿಲ್ಲ. ಮೊದಲ ವಾರ ಊಟದ ಡಬ್ಬಿ ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ಬಿಗಿ ಮುಚ್ಚಳ ತೆಗೆಯಲು ಬರುತ್ತಿರಲಿಲ್ಲ, ಕೇಳಲು ನಾಚಿಕೆ. ಅಕ್ಷರ, ಲೆಕ್ಕ ಎಲ್ಲ ಕಲಿಸಿ ಇದನ್ನು ಕಲಿಸಿರಲಿಲ್ಲ.

ಮಗ ಈಗ ವಾರಕ್ಕೆರಡು ದಿನ ಮಧ್ಯಾಹ್ನ ಅದೇ ಡಬ್ಬಿಯಲ್ಲಿ ಊಟ ಮಾಡುತ್ತಾನೆ. ಮುಚ್ಚಳ ಅವನೇ ತೆಗೆಯಬೇಕು, ತಿಂದು ಅವನೇ ಮುಚ್ಚಬೇಕು. ಅಕ್ಕ ಪಕ್ಕದಲ್ಲಿ ಕೂತು ಗಡಿಯಾರ ನೋಡುತ್ತಾಳೆ.